ಮೊಣಗಂಟು ಸವೆತ, ಕೀಲು ಬದಲಾವಣೆ ಮತ್ತು ಅಂಗವಿಕಲ ಸವಲತ್ತು: ಕಾಸರಗೋಡಿನವರು ತಿಳಿದಿರಬೇಕಾದ ವಿಷಯಗಳು

ಮೊಣಗಂಟು ನೋವಿನಿಂದ ತೋಟದ ಕೆಲಸ ಬಿಟ್ಟವರು, ಬೀಡಿ ಕಟ್ಟಲು ಕೆಳಗೆ ಕುಳಿತರೆ ಏಳಲಾಗದವರು, ಬಸ್ಸಿನ ಮೆಟ್ಟಿಲು ಹತ್ತಲು ಇನ್ನೊಬ್ಬರ ಕೈ ಹಿಡಿಯಬೇಕಾದವರು ಕಾಸರಗೋಡು, ಮಂಜೇಶ್ವರ ತಾಲೂಕುಗಳ ಪ್ರತಿಯೊಂದು ಊರಿನಲ್ಲೂ ಇದ್ದಾರೆ. ಇವರಲ್ಲಿ ಹಲವರು ಅಂಗವಿಕಲತೆ ಪ್ರಮಾಣಪತ್ರಕ್ಕಾಗಿ ಆಸ್ಪತ್ರೆಗೂ ಪಂಚಾಯತ್ ಕಚೇರಿಗೂ ಅಲೆದು ಕೊನೆಗೆ ಬರಿಗೈಯಲ್ಲಿ ಹಿಂತಿರುಗುತ್ತಾರೆ. ಎಕ್ಸ್‌ರೇಯಲ್ಲಿ ಸವೆತ ನಾಲ್ಕನೇ ಹಂತ ತಲಪಿದೆ ಎಂದು ಬರೆದಿದ್ದರೂ ಪಿಂಚಣಿ ಏಕೆ ಸಿಗಲಿಲ್ಲ, ಮಂಡಿ ಚಿಪ್ಪು ಬದಲಾಯಿಸಿದವರಿಗೆ ಸರ್ಟಿಫಿಕೇಟ್ ಕೊಡುವುದಿಲ್ಲವೇ, ಆಪರೇಶನ್ ಮಾಡಿಸಿಕೊಂಡರೆ ಸವಲತ್ತು ತಪ್ಪುತ್ತದೆಯೇ ಎಂಬ ಪ್ರಶ್ನೆಗಳು ಮತ್ತೆ ಮತ್ತೆ ಕೇಳಿಬರುತ್ತವೆ.

ಈ ಎಲ್ಲ ಪ್ರಶ್ನೆಗಳಿಗೂ ಮೂಲ ಉತ್ತರ ಒಂದೇ. ಕಾನೂನು ರೋಗದ ಹೆಸರನ್ನು ನೋಡುವುದಿಲ್ಲ, ನಡೆದ ಶಸ್ತ್ರಚಿಕಿತ್ಸೆಯನ್ನೂ ನೋಡುವುದಿಲ್ಲ. ಚಿಕಿತ್ಸೆಯೆಲ್ಲ ಮುಗಿದ ಮೇಲೆ ಕಾಲಿನ ಕೆಲಸದಲ್ಲಿ ಶಾಶ್ವತವಾಗಿ ಎಷ್ಟು ಕೊರತೆ ಉಳಿದಿದೆ ಎಂಬುದನ್ನು ಮಾತ್ರ ಅಳೆಯುತ್ತದೆ. ಶಸ್ತ್ರಚಿಕಿತ್ಸೆಯ ಖರ್ಚಿಗೆ ನೆರವು ಪಡೆಯುವ ದಾರಿಯೇ ಬೇರೆ, ಅಂಗವಿಕಲತೆಯ ಸವಲತ್ತು ಪಡೆಯುವ ದಾರಿಯೇ ಬೇರೆ. ಎರಡನ್ನೂ ಒಂದೇ ಎಂದು ಭಾವಿಸಿದವರು ಎರಡೂ ಕಡೆ ಸಮಯ ಕಳೆದುಕೊಳ್ಳುತ್ತಾರೆ.

ಕಾನೂನಿನಲ್ಲಿ ಏನಿದೆ?

1995ರ ಹಳೆಯ ಕಾಯ್ದೆಯ ಬದಲಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರಲ್ಲಿ ಜಾರಿಗೆ ಬಂತು. ಇದರಲ್ಲಿ 21 ಬಗೆಯ ಅಂಗವಿಕಲತೆಗಳನ್ನು ಹೆಸರಿಸಲಾಗಿದೆ. ಮೊಣಗಂಟು ಸವೆತ ಅಥವಾ ಕೀಲು ಬದಲಾವಣೆ ಎಂಬ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಆದರೆ ಚಲನಾಂಗ ವೈಕಲ್ಯ ಎಂಬ ವಿಭಾಗ ಇದೆ. ಎಲುಬು, ಸ್ನಾಯು, ಕೀಲು ಅಥವಾ ನರಗಳ ತೊಂದರೆಯಿಂದ ನಡೆದಾಡುವ, ವಸ್ತುಗಳನ್ನು ಎತ್ತಿಡುವ ಸಾಮರ್ಥ್ಯ ಕಳೆದುಕೊಂಡವರು ಇದರೊಳಗೆ ಬರುತ್ತಾರೆ. ಆದುದರಿಂದ ವಯೋಸಹಜ ಸವೆತ, ರುಮಟಾಯ್ಡ್ ಸಂಧಿವಾತ, ಹಳೆಯ ಎಲುಬು ಮುರಿತ, ಹರಿದ ಲಿಗಮೆಂಟ್ ಹೀಗೆ ಕಾರಣ ಯಾವುದೇ ಇರಲಿ, ಅರ್ಜಿ ಸಲ್ಲಿಸಲು ಅಡ್ಡಿಯಿಲ್ಲ.

ಹೆಚ್ಚಿನ ಸವಲತ್ತುಗಳಿಗೆ ಕನಿಷ್ಠ ಶೇಕಡಾ 40 ಅಂಗವಿಕಲತೆ ಇರಬೇಕು. ಶೇಕಡಾ 38 ಎಂದು ಬಂದರೂ ಪ್ರಮಾಣಪತ್ರ ಸಿಗುತ್ತದೆ, ಆದರೆ ಪಿಂಚಣಿ, ಉದ್ಯೋಗ ಮೀಸಲಾತಿ ಮುಂತಾದವು ಸಿಗುವುದಿಲ್ಲ. 2024ರ ಅಕ್ಟೋಬರಿನಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಯು.ಡಿ.ಐ.ಡಿ. ಗುರುತಿನ ಚೀಟಿಗೆ ಮೂರು ಬಣ್ಣಗಳಿವೆ. ಶೇಕಡಾ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗಿದ್ದರೆ ಹಳದಿ, 80 ಮತ್ತು ಅದಕ್ಕಿಂತ ಹೆಚ್ಚಿದ್ದರೆ ನೀಲಿ.

ಶೇಕಡಾವಾರು ಲೆಕ್ಕ ಹಾಕುವುದು ಹೇಗೆ?

ಕೇಂದ್ರ ಸರಕಾರ 2018ರ ಜನವರಿಯಲ್ಲಿ ಪ್ರಕಟಿಸಿ 2024ರ ಮಾರ್ಚಿನಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ವೈದ್ಯರು ಅಂಗವಿಕಲತೆಯನ್ನು ಅಳೆಯುತ್ತಾರೆ. ಇದು ವೈದ್ಯರ ಸ್ವಂತ ಅಭಿಪ್ರಾಯವಲ್ಲ, ಅಳತೆಯ ಲೆಕ್ಕ. ಕಾಲಿಗೆ ಸಂಬಂಧಿಸಿದಂತೆ ಮುಖ್ಯವಾಗಿ ಎರಡು ಭಾಗಗಳನ್ನು ನೋಡಲಾಗುತ್ತದೆ.

ಮೊದಲನೆಯದು ಚಲನೆ. ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಪೂರ್ತಿ ನೆಟ್ಟಗಾಗುತ್ತದೆಯೇ, ಸುತ್ತಲಿನ ಸ್ನಾಯುಗಳಿಗೆ ಎಷ್ಟು ಬಲವಿದೆ ಎಂಬುದು ಇದರಲ್ಲಿ ಬರುತ್ತದೆ. ಚಲನೆಯ ಲೆಕ್ಕದಲ್ಲಿ ಸೊಂಟದ ಕೀಲು, ಮೊಣಗಂಟು, ಪಾದದ ಗಂಟು ಈ ಮೂರಕ್ಕೂ ಸಮಾನ ಪಾಲು. ಅಂದರೆ ಒಂದು ಮೊಣಗಂಟು ಪೂರ್ತಿ ಬಿಗಿದುಕೊಂಡರೂ ಕೀಲಿನ ಚಲನೆಯ ಲೆಕ್ಕದಲ್ಲಿ ಅದರ ಪಾಲು ಮೂರರಲ್ಲಿ ಒಂದು ಮಾತ್ರ. ಸೊಂಟ ಮತ್ತು ಪಾದ ಸರಿಯಿದ್ದು ಮೊಣಗಂಟು ಮಾತ್ರ ಕೆಟ್ಟವರಿಗೆ ನಿರೀಕ್ಷಿಸಿದಷ್ಟು ಶೇಕಡಾವಾರು ಬಾರದಿರಲು ಇದು ಒಂದು ಮುಖ್ಯ ಕಾರಣ.

ಎರಡನೆಯದು ಸ್ಥಿರತೆ. ಸಮತಟ್ಟು ನೆಲದಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲಿನಲ್ಲಿ ನಿಲ್ಲುವುದು, ನೋವಿರುವ ಕಾಲೊಂದರಲ್ಲೇ ನಿಲ್ಲುವುದು, ಕುಕ್ಕರುಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ಕೂರುವುದು, ಮಂಡಿಯೂರುವುದು, ನಡೆಯುತ್ತಾ ತಿರುಗುವುದು ಇವೆಲ್ಲ ಸಾಧ್ಯವೇ, ಎಷ್ಟರಮಟ್ಟಿಗೆ ಸಾಧ್ಯ ಎಂದು ನೋಡಲಾಗುತ್ತದೆ. ನೆಲದಲ್ಲಿ ಕುಳಿತು ಉಣ್ಣುವ, ಕೆಲಸ ಮಾಡುವ ನಮ್ಮ ಜೀವನಕ್ರಮಕ್ಕೆ ಹೊಂದುವ ಪರೀಕ್ಷೆಗಳು ಇವು. ನೋವು, ಕಾಲಿನ ಗಿಡ್ಡತನ, ಕಾಲು ಬಾಗಿರುವುದು ಇತ್ಯಾದಿಗಳಿಗೆ ಹೆಚ್ಚುವರಿ ಅಂಕಗಳೂ ಇವೆ.

ಎರಡೂ ಭಾಗಗಳ ಅಂಕವನ್ನು ನೇರವಾಗಿ ಕೂಡಿಸುವುದಿಲ್ಲ. ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಸೂತ್ರವಿದೆ. ದೊಡ್ಡ ಅಂಕಿಯನ್ನು 90ರಿಂದ ಕಳೆದು, ಉಳಿದುದನ್ನು ಸಣ್ಣ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದುದನ್ನು ದೊಡ್ಡ ಅಂಕಿಗೆ ಸೇರಿಸಬೇಕು. ಉದಾಹರಣೆಗೆ ಒಂದು ಭಾಗದಲ್ಲಿ 30, ಇನ್ನೊಂದರಲ್ಲಿ 15 ಬಂದಿದೆ ಎನ್ನೋಣ. 90ರಿಂದ 30 ಕಳೆದರೆ 60. ಅದನ್ನು 15ರಿಂದ ಗುಣಿಸಿದರೆ 900, 90ರಿಂದ ಭಾಗಿಸಿದರೆ 10. ಒಟ್ಟು 40. ನೇರವಾಗಿ ಕೂಡಿಸಿದರೆ 45 ಆಗುತ್ತಿತ್ತು. ಒಂದೆರಡು ಅಂಕ ಹೆಚ್ಚು ಕಡಿಮೆಯಾದರೆ ಸವಲತ್ತು ಸಿಗುವುದೋ ತಪ್ಪುವುದೋ ಎಂಬುದು ಇಂತಹ ಲೆಕ್ಕದಲ್ಲೇ ನಿರ್ಧಾರವಾಗುತ್ತದೆ.

ಎಕ್ಸ್‌ರೇಯಲ್ಲಿ ಕಾಣುವ ಒಂದರಿಂದ ನಾಲ್ಕರವರೆಗಿನ ಹಂತಗಳು ಬೇರೆ ಲೆಕ್ಕ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ರೂಪಿಸಿದ ಆ ಹಂತಗಳು ಕೀಲಿನ ಸವೆತವನ್ನು ಸೂಚಿಸುತ್ತವೆ, ಅಂಗವಿಕಲತೆಯ ಪ್ರಮಾಣವನ್ನಲ್ಲ. ನಾಲ್ಕನೇ ಹಂತದ ಸವೆತವಿದ್ದೂ ಊರುಗೋಲು ಹಿಡಿದು ಒಂದಷ್ಟು ದೂರ ನಡೆಯುವವರಿದ್ದಾರೆ. ಅಷ್ಟು ಸವೆತವಿಲ್ಲದೆಯೂ ಕಾಲು ಮಡಚಲಾಗದವರಿದ್ದಾರೆ. ಎಕ್ಸ್‌ರೇ ಆಧಾರವಾಗಿ ಬೇಕು, ಆದರೆ ಅದೊಂದೇ ಸಾಲದು.

ಶಸ್ತ್ರಚಿಕಿತ್ಸೆಗೆ ಮೊದಲೋ, ನಂತರವೋ?

ಮಂಡಿ ಚಿಪ್ಪು ಬದಲಾವಣೆ ಎಂದು ಜನರು ಕರೆಯುವ ಶಸ್ತ್ರಚಿಕಿತ್ಸೆಯಲ್ಲಿ ನಿಜವಾಗಿ ಬದಲಾಗುವುದು ಚಿಪ್ಪು ಮಾತ್ರವಲ್ಲ. ತೊಡೆಯ ಎಲುಬಿನ ಕೆಳತುದಿ ಮತ್ತು ಕಣಕಾಲು ಎಲುಬಿನ ಮೇಲ್ತುದಿಯ ಸವೆದ ಭಾಗವನ್ನು ತೆಗೆದು ಲೋಹ ಹಾಗೂ ಪ್ಲಾಸ್ಟಿಕ್ಕಿನ ಕೃತಕ ಕೀಲು ಕೂರಿಸಲಾಗುತ್ತದೆ. ಯಶಸ್ವಿಯಾದರೆ ನೋವು ಬಹುಮಟ್ಟಿಗೆ ಹೋಗುತ್ತದೆ, ನಡಿಗೆ ಸುಧಾರಿಸುತ್ತದೆ.

ಚಿಕಿತ್ಸೆಯಿಂದ ಆಗಬಹುದಾದ ಗರಿಷ್ಠ ಸುಧಾರಣೆ ಆದ ಮೇಲೆಯೇ ಶಾಶ್ವತ ಅಂಗವಿಕಲತೆಯನ್ನು ಅಳೆಯಬೇಕು ಎಂದು ಮಾರ್ಗಸೂಚಿ ಹೇಳುತ್ತದೆ. ಆ ಸಮಯ ಯಾವಾಗ ಬಂತೆಂಬುದನ್ನು ಪರೀಕ್ಷಿಸುವ ವೈದ್ಯರೇ ತೀರ್ಮಾನಿಸುತ್ತಾರೆ. ಇದರಿಂದ ಮೂರು ಬಗೆಯ ಸಂದರ್ಭಗಳು ಉಂಟಾಗುತ್ತವೆ.

ಒಂದು, ಶಸ್ತ್ರಚಿಕಿತ್ಸೆಗೆ ಸಲಹೆ ನೀಡಿದ್ದು ಇನ್ನೂ ಮಾಡಿಸದವರು. ಇವರ ಸ್ಥಿತಿ ಮುಂದೆ ಬದಲಾಗುವ ಸಾಧ್ಯತೆ ಇರುವುದರಿಂದ ನಿಗದಿತ ಅವಧಿಯ ತಾತ್ಕಾಲಿಕ ಪ್ರಮಾಣಪತ್ರ ಸಿಗಬಹುದು. ಬದಲಾವಣೆಯ ಸಾಧ್ಯತೆ ಇದ್ದರೆ ಅವಧಿಯನ್ನು ನಮೂದಿಸಬೇಕು, ಇಲ್ಲವಾದರೆ ಶಾಶ್ವತ ಪ್ರಮಾಣಪತ್ರ ಕೊಡಬೇಕು ಎಂದು ನಿಯಮವಿದೆ. ಹೃದ್ರೋಗ, ಹತೋಟಿಗೆ ಬಾರದ ಮಧುಮೇಹ ಮುಂತಾದ ಕಾರಣಗಳಿಂದ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ ಎಂದು ತಜ್ಞರು ಹೇಳಿದ್ದರೆ ಅದನ್ನು ಬರಹದಲ್ಲಿ ಪಡೆದು ಬೋರ್ಡಿನ ಮುಂದಿಡುವುದು ಅಗತ್ಯ.

ಎರಡು, ಶಸ್ತ್ರಚಿಕಿತ್ಸೆಯಾಗಿ ಕೆಲವೇ ವಾರ ಕಳೆದವರು. ಈ ಸಮಯದಲ್ಲಿ ಕಾಲು ಊದಿಕೊಂಡಿರುತ್ತದೆ, ಮಡಚುವಿಕೆ ಕಡಿಮೆ ಇರುತ್ತದೆ. ಫಿಸಿಯೋಥೆರಪಿ ಮುಂದುವರಿದಂತೆ ತಿಂಗಳುಗಟ್ಟಲೆ ಸುಧಾರಣೆ ಆಗುತ್ತಿರುತ್ತದೆ. ಆದುದರಿಂದ ವಾಕರ್ ಹಿಡಿದುಕೊಂಡು ಬೋರ್ಡಿಗೆ ಹೋದರೂ ಸ್ವಲ್ಪ ಕಾಲ ಬಿಟ್ಟು ಬರುವಂತೆ ಹೇಳುವ ಸಂಭವವೇ ಹೆಚ್ಚು.

ಮೂರು, ಚೇತರಿಕೆಯ ಅವಧಿ ಮುಗಿದವರು. ಇವರಿಗೆ ಅಂಗವಿಕಲತೆ ಶೂನ್ಯ ಎಂದು ಭಾವಿಸಬೇಕಿಲ್ಲ. ಕೃತಕ ಕೀಲು ಇರುವವರು ಕುಕ್ಕರುಗಾಲಲ್ಲಿ ಕೂರಬಾರದು, ನೆಲದಲ್ಲಿ ಚಕ್ಕಳಮಕ್ಕಳ ಹಾಕಬಾರದು ಎಂದು ವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ. ಕೀಲು ಬಿಗಿದುಕೊಂಡಿದ್ದರೆ, ಸೋಂಕು ತಗಲಿ ಮರುಶಸ್ತ್ರಚಿಕಿತ್ಸೆ ಆಗಿದ್ದರೆ, ಎರಡೂ ಕಾಲುಗಳಿಗೆ ತೊಂದರೆ ಇದ್ದರೆ ಕೊರತೆ ಗಣನೀಯವಾಗಿಯೇ ಉಳಿಯಬಹುದು. ಆದರೆ ಶಸ್ತ್ರಚಿಕಿತ್ಸೆ ಚೆನ್ನಾಗಿ ಫಲ ಕೊಟ್ಟವರಿಗೆ ಶೇಕಡಾ 40 ಬಾರದೆ ಇರುವುದೇ ಸಹಜ. ಅದು ಅನ್ಯಾಯವಲ್ಲ, ಚಿಕಿತ್ಸೆ ಗೆದ್ದಿದೆ ಎಂಬುದರ ಗುರುತು.

ಸರ್ಟಿಫಿಕೇಟಿಗೆ ತೊಂದರೆಯಾದೀತು ಎಂದು ಅಗತ್ಯವಿರುವ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ದೊಡ್ಡ ತಪ್ಪು. ಕಾಲ ಕಳೆದಂತೆ ತೊಡೆಯ ಸ್ನಾಯು ಸೊರಗುತ್ತದೆ, ಕಾಲು ಬಾಗುತ್ತದೆ, ಕೀಲು ಬಿಗಿಯುತ್ತದೆ. ಆಮೇಲೆ ಮಾಡುವ ಶಸ್ತ್ರಚಿಕಿತ್ಸೆಯ ಫಲ ಕಡಿಮೆಯಾಗಬಹುದು. ತಿಂಗಳ ಪಿಂಚಣಿಗಿಂತ ಸ್ವಂತ ಕಾಲಿನಲ್ಲಿ ನಡೆಯುವುದರ ಬೆಲೆ ಹೆಚ್ಚು.

ಅರ್ಜಿ ಸಲ್ಲಿಸುವ ಕ್ರಮ

2021ರ ಜೂನ್ 1ರಿಂದ ಅಂಗವಿಕಲತೆ ಪ್ರಮಾಣಪತ್ರವನ್ನು ಯು.ಡಿ.ಐ.ಡಿ. ಪೋರ್ಟಲ್ ಮೂಲಕವೇ ನೀಡಬೇಕೆಂಬ ನಿಯಮ ಇದೆ. ಅರ್ಜಿಯ ಕ್ರಮ ಹೀಗಿದೆ.

1. ಆಧಾರ್, ಫೋಟೋ, ವಿಳಾಸದ ದಾಖಲೆ, ಚಿಕಿತ್ಸೆಯ ದಾಖಲೆಗಳೊಂದಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ತುಂಬಬೇಕು. ಸ್ವತಃ ಮಾಡಲಾಗದವರು ಹತ್ತಿರದ ಅಕ್ಷಯ ಕೇಂದ್ರದಲ್ಲಿ ಮಾಡಿಸಬಹುದು.

2. ಅರ್ಜಿ ತುಂಬುವಾಗ ಪರೀಕ್ಷೆಗೆ ಹೋಗುವ ಆಸ್ಪತ್ರೆಯನ್ನು ಆರಿಸಬೇಕು. ಆಸ್ಪತ್ರೆಯ ಪಟ್ಟಿ ಪೋರ್ಟಲ್‌ನಲ್ಲೇ ಕಾಣುತ್ತದೆ. ಕಾಸರಗೋಡು ಜನರಲ್ ಆಸ್ಪತ್ರೆ, ಕಾಞಂಗಾಡ್ ಜಿಲ್ಲಾ ಆಸ್ಪತ್ರೆ ಮುಂತಾದ ಸರಕಾರಿ ಆಸ್ಪತ್ರೆಗಳಲ್ಲಿ ಬೋರ್ಡ್ ಸೇರುವ ದಿನವನ್ನು ಮೊದಲೇ ಫೋನ್ ಮಾಡಿ ತಿಳಿದುಕೊಂಡರೆ ವೃಥಾ ಪ್ರಯಾಣ ತಪ್ಪುತ್ತದೆ.

3. ಅರ್ಜಿಯ ಎನ್‌ರೋಲ್‌ಮೆಂಟ್ ನಂಬರ್ ಬರೆದಿಟ್ಟುಕೊಳ್ಳಬೇಕು. ಮುಂದಿನ ಎಲ್ಲ ವಿಚಾರಣೆಗೂ ಅದೇ ಆಧಾರ.

4. ನಿಗದಿತ ದಿನ ಮೆಡಿಕಲ್ ಬೋರ್ಡಿನ ಮುಂದೆ ಹಾಜರಾಗಬೇಕು. ಎಲುಬು ತಜ್ಞರು ಅಥವಾ ಪುನರ್ವಸತಿ ತಜ್ಞರು ಪರೀಕ್ಷಿಸುತ್ತಾರೆ.

5. 2024ರ ತಿದ್ದುಪಡಿ ಪ್ರಕಾರ ಪ್ರಮಾಣಪತ್ರ ನೀಡುವ ಅವಧಿ ಮೂರು ತಿಂಗಳು. ಮೊದಲು ಇದು ಒಂದು ತಿಂಗಳಾಗಿತ್ತು. ಎರಡು ವರ್ಷ ಕಳೆದರೂ ತೀರ್ಮಾನವಾಗದ ಅರ್ಜಿ ರದ್ದಾಗುತ್ತದೆ, ಹೊಸದಾಗಿ ಅರ್ಜಿ ಹಾಕಬೇಕಾಗುತ್ತದೆ. ಆದುದರಿಂದ ಅರ್ಜಿ ಸಲ್ಲಿಸಿ ಸುಮ್ಮನಿರದೆ ಆಗಾಗ ವಿಚಾರಿಸುತ್ತಿರಬೇಕು.

ಗಡಿನಾಡಿನವರು ವಿಶೇಷವಾಗಿ ಗಮನಿಸಬೇಕಾದ ವಿಷಯ ಹೆಸರಿನ ಅಕ್ಷರಗಳು. ಕನ್ನಡ ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು ರೀತಿ, ಮಲಯಾಳದಲ್ಲಿ ಮುದ್ರಿತವಾದ ರೇಶನ್ ಕಾರ್ಡಿನಲ್ಲಿ ಇನ್ನೊಂದು ರೀತಿ, ಆಧಾರ್‌ನಲ್ಲಿ ಮತ್ತೊಂದು ರೀತಿ ಇದ್ದರೆ ಪಿಂಚಣಿ ಹಂತದಲ್ಲಿ ತೊಡಕಾಗುತ್ತದೆ. ಬ್ಯಾಂಕ್ ಪಾಸ್‌ಬುಕ್ ಮತ್ತು ಆಧಾರ್‌ನ ಹೆಸರು ಒಂದೇ ರೀತಿ ಇರುವಂತೆ ಮೊದಲೇ ಸರಿಪಡಿಸಿಕೊಳ್ಳುವುದು ಒಳಿತು. ಅಕ್ಷಯ ಕೇಂದ್ರದಲ್ಲಿ ತುಂಬಿದ ಅರ್ಜಿಯನ್ನು ಸಲ್ಲಿಸುವ ಮೊದಲು ಮಲಯಾಳ ಅಥವಾ ಇಂಗ್ಲಿಷ್ ಬಲ್ಲವರಿಂದ ಒಮ್ಮೆ ಓದಿಸಿಕೊಳ್ಳಬೇಕು.

ಬೋರ್ಡಿಗೆ ಹೋಗುವಾಗ

ಹಳೆಯ ಮತ್ತು ಹೊಸ ಎಕ್ಸ್‌ರೇಗಳು, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಫಿಸಿಯೋಥೆರಪಿ ಮಾಡಿಸಿದ ದಾಖಲೆ, ಈಗ ಸೇವಿಸುತ್ತಿರುವ ಔಷಧದ ಚೀಟಿ ಇವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಒಯ್ಯಬೇಕು. ಊರುಗೋಲು, ಮಂಡಿಪಟ್ಟಿ, ವಾಕರ್ ದಿನವೂ ಬಳಸುವವರು ಅವುಗಳೊಂದಿಗೇ ಹೋಗಬೇಕು.

ವೈದ್ಯರು ಕೇಳಿದಾಗ ತುಂಬಾ ನೋವಿದೆ ಎಂದಷ್ಟೇ ಹೇಳಿದರೆ ಸಾಲದು. ಎಷ್ಟು ದೂರ ನಡೆದರೆ ನಿಲ್ಲಬೇಕಾಗುತ್ತದೆ, ಎಷ್ಟು ಮೆಟ್ಟಿಲು ಹತ್ತಬಹುದು, ಶೌಚಾಲಯದಲ್ಲಿ ಕೂರಲು ಆಗುತ್ತದೆಯೇ, ನೆಲದಿಂದ ಏಳಲು ಯಾರ ಸಹಾಯ ಬೇಕು, ಕೆಲಸ ಬಿಟ್ಟು ಎಷ್ಟು ಕಾಲವಾಯಿತು ಎಂದು ಸ್ಪಷ್ಟವಾಗಿ ಹೇಳಬೇಕು. ಎರಡೂ ಮೊಣಗಂಟಿಗೆ ತೊಂದರೆ ಇದ್ದರೆ, ಸೊಂಟ ಅಥವಾ ಬೆನ್ನಿನ ತೊಂದರೆಯೂ ಇದ್ದರೆ ಅದನ್ನು ಬಿಡದೆ ತಿಳಿಸಬೇಕು. ಹೆಚ್ಚು ನೋವು ಕೊಡುವ ಒಂದು ಕಾಲನ್ನು ಮಾತ್ರ ತೋರಿಸಿ ಇನ್ನೊಂದನ್ನು ಹೇಳದೆ ಬಂದರೆ ನಷ್ಟ ಅರ್ಜಿದಾರರಿಗೇ. ದಾಕ್ಷಿಣ್ಯದಿಂದ ಇಲ್ಲದ ಶಕ್ತಿ ತೋರಿಸುವುದೂ ಬೇಡ, ಇರುವ ಶಕ್ತಿಯನ್ನು ಮರೆಮಾಚುವುದೂ ಬೇಡ. ಸುಳ್ಳು ಹೇಳಿ ಸವಲತ್ತು ಪಡೆದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು 2016ರ ಕಾಯ್ದೆಯಲ್ಲಿ ಅವಕಾಶವಿದೆ. ಶೇಕಡಾವಾರು ಹೆಚ್ಚಿಸಿ ಕೊಡಿಸುತ್ತೇವೆ ಎಂದು ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿರಬೇಕು.

ಪಿಂಚಣಿ

ಕೇರಳದಲ್ಲಿ ಶೇಕಡಾ 40 ಮತ್ತು ಅದಕ್ಕಿಂತ ಹೆಚ್ಚು ಅಂಗವಿಕಲತೆ ಇದ್ದು, ಕುಟುಂಬದ ವಾರ್ಷಿಕ ಆದಾಯ ಒಂದು ಲಕ್ಷ ರೂಪಾಯಿ ಮೀರದವರಿಗೆ ಸಾಮಾಜಿಕ ಭದ್ರತಾ ಪಿಂಚಣಿ ಇದೆ. ತಿಂಗಳಿಗೆ 1600 ರೂಪಾಯಿ ಇದ್ದ ಈ ಮೊತ್ತವನ್ನು 2025ರ ನವೆಂಬರಿನಿಂದ 2000 ರೂಪಾಯಿಗೆ ಏರಿಸಲಾಯಿತು. ಕೇಂದ್ರದ ಇಂದಿರಾಗಾಂಧಿ ಅಂಗವಿಕಲ ಪಿಂಚಣಿಗೆ ಶೇಕಡಾ 80 ಅಂಗವಿಕಲತೆ ಮತ್ತು ಬಡತನ ರೇಖೆಯ ಷರತ್ತು ಇದೆ. ಕೇರಳ 40ರಿಂದಲೇ ಕೊಡುವುದರಿಂದ ಮೊಣಗಂಟಿನ ತೊಂದರೆಯವರಿಗೂ ಅವಕಾಶವಾಗಿದೆ.

ಅರ್ಜಿಯನ್ನು ಗ್ರಾಮ ಪಂಚಾಯತ್ ಅಥವಾ ನಗರಸಭೆಗೆ ಸಲ್ಲಿಸಬೇಕು. ಅಂಗವಿಕಲತೆ ಪ್ರಮಾಣಪತ್ರ, ವಿಲ್ಲೇಜ್ ಆಫೀಸಿನ ಆದಾಯ ಪ್ರಮಾಣಪತ್ರ, ಆಧಾರ್, ರೇಶನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳು ಬೇಕಾಗುತ್ತವೆ. ಪಿಂಚಣಿ ಮಂಜೂರಾದ ಮೇಲೂ ಸರಕಾರ ತಿಳಿಸಿದಾಗ ಅಕ್ಷಯ ಕೇಂದ್ರದಲ್ಲಿ ಮಸ್ಟರಿಂಗ್ ಮಾಡಿಸಬೇಕು. ಅದು ತಪ್ಪಿದರೆ ಹಣ ನಿಲ್ಲುತ್ತದೆ. ನಡೆಯಲಾಗದೆ ಮನೆಯಲ್ಲೇ ಇರುವವರು ಮನೆಗೆ ಬಂದು ಮಾಡುವಂತೆ ಪಂಚಾಯತ್ ಸದಸ್ಯರ ಮೂಲಕ ಮೊದಲೇ ತಿಳಿಸಬೇಕು. ತಾತ್ಕಾಲಿಕ ಪ್ರಮಾಣಪತ್ರ ಇರುವವರು ಅವಧಿ ಮುಗಿಯುವ ಕೆಲವು ತಿಂಗಳು ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು.

60 ವರ್ಷ ದಾಟಿದವರು ಒಂದು ವಿಷಯ ನೆನಪಿಡಬೇಕು. ವೃದ್ಧಾಪ್ಯ ಪಿಂಚಣಿಯ ಮೊತ್ತವೂ ಅಷ್ಟೇ. ಅದಕ್ಕೆ ವಯಸ್ಸು ಮತ್ತು ಆದಾಯದ ದಾಖಲೆ ಸಾಕು, ಮೆಡಿಕಲ್ ಬೋರ್ಡ್ ಬೇಕಿಲ್ಲ. ಮೊಣಗಂಟು ಸವೆತ ಹೆಚ್ಚಾಗಿ ಕಾಡುವುದು ಇದೇ ವಯಸ್ಸಿನವರನ್ನು. ಪಿಂಚಣಿಯೊಂದೇ ಉದ್ದೇಶವಾಗಿದ್ದರೆ ಶೇಕಡಾವಾರಿಗಾಗಿ ವರ್ಷಗಟ್ಟಲೆ ಅಲೆಯುವ ಬದಲು ವೃದ್ಧಾಪ್ಯ ಪಿಂಚಣಿಗೆ ಅರ್ಜಿ ಹಾಕುವುದೇ ಸುಲಭ. 60ರ ಒಳಗಿನವರಿಗೆ ಮಾತ್ರ ಅಂಗವಿಕಲತೆ ಪ್ರಮಾಣಪತ್ರವೇ ದಾರಿ.

ಇತರ ಸವಲತ್ತುಗಳು

ರೈಲು ರಿಯಾಯಿತಿ: ಶೇಕಡಾ 40 ಇದ್ದವರಿಗೆಲ್ಲ ರೈಲು ರಿಯಾಯಿತಿ ಇದೆ ಎಂಬ ತಪ್ಪು ತಿಳುವಳಿಕೆ ಇದೆ. ಚಲನಾಂಗ ವೈಕಲ್ಯ ಇರುವವರಲ್ಲಿ ಇನ್ನೊಬ್ಬರ ಸಹಾಯವಿಲ್ಲದೆ ಪ್ರಯಾಣ ಮಾಡಲಾಗದವರಿಗೆ ಮಾತ್ರ ಇದು ಸಿಗುತ್ತದೆ. ಅಂಥವರಿಗೂ ಜತೆಗಾರರಿಗೂ ಎರಡನೇ ದರ್ಜೆ, ಸ್ಲೀಪರ್ ಮತ್ತು ಮೂರನೇ ಎ.ಸಿ.ಯಲ್ಲಿ ಶೇಕಡಾ 75 ರಿಯಾಯಿತಿ. ಇದಕ್ಕೆ ರೈಲ್ವೆಯ ನಮೂನೆಯಲ್ಲಿ ಸರಕಾರಿ ವೈದ್ಯರ ಪತ್ರ ಬೇಕು. ಕಾಸರಗೋಡಿನ ನಿಲ್ದಾಣಗಳು ಪಾಲಕ್ಕಾಡ್ ವಿಭಾಗಕ್ಕೆ ಸೇರಿವೆ.

ಆದಾಯ ತೆರಿಗೆ: 80ಯು ಎಂದು ಪರಿಚಿತವಾದ ಕಡಿತದಲ್ಲಿ ಶೇಕಡಾ 40ಕ್ಕೆ 75,000 ರೂಪಾಯಿ, ಶೇಕಡಾ 80ಕ್ಕೆ 1,25,000 ರೂಪಾಯಿ ಆದಾಯದಿಂದ ಕಳೆಯಬಹುದು. ಹಳೆಯ ತೆರಿಗೆ ಪದ್ಧತಿ ಆರಿಸಿದವರಿಗೆ ಮಾತ್ರ ಇದು ಅನ್ವಯ.

ಉದ್ಯೋಗ: ಸರಕಾರಿ ಹುದ್ದೆಗಳಲ್ಲಿ ಶೇಕಡಾ 4 ಮೀಸಲಾತಿ ಇದೆ. ಸೇವೆಯಲ್ಲಿರುವಾಗ ಅಂಗವಿಕಲರಾದ ಸರಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಮಾಡುತ್ತಿದ್ದ ಕೆಲಸ ಸಾಧ್ಯವಾಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಬದಲಾಯಿಸಬೇಕು ಎಂದು 2016ರ ಕಾಯ್ದೆಯ 20ನೇ ಕಲಂ ಹೇಳುತ್ತದೆ. ದಿನವಿಡೀ ನಿಂತು ಅಥವಾ ನಡೆದು ಮಾಡುವ ಕೆಲಸದಲ್ಲಿರುವವರಿಗೆ ಇದು ಬಹಳ ಮುಖ್ಯ.

ಸಾಧನಗಳು: ಶೇಕಡಾ 40 ಇದ್ದವರಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಊರುಗೋಲು, ವಾಕರ್, ಗಾಲಿಕುರ್ಚಿ ಮುಂತಾದವು ಶಿಬಿರಗಳ ಮೂಲಕ ಸಿಗುತ್ತವೆ. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆ 60 ದಾಟಿದ ಬಡ ಹಿರಿಯರಿಗೆ ಇಂತಹ ಸಾಧನಗಳನ್ನು ನೀಡುತ್ತದೆ.

ಶಸ್ತ್ರಚಿಕಿತ್ಸೆಯ ಖರ್ಚಿಗೆ ನೆರವು

ಮೊದಲೇ ಹೇಳಿದಂತೆ ಇದಕ್ಕೆ ಅಂಗವಿಕಲತೆ ಪ್ರಮಾಣಪತ್ರ ಬೇಕಿಲ್ಲ. ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ ಉಚಿತ. ಇದು ಆಯುಷ್ಮಾನ್ ಭಾರತ್ ಜತೆ ಸೇರಿದ ಯೋಜನೆ. ಆಯುಷ್ಮಾನ್ ಚಿಕಿತ್ಸಾ ಪಟ್ಟಿಯಲ್ಲಿ ಪೂರ್ಣ ಮೊಣಗಂಟು ಬದಲಾವಣೆ ಸೇರಿದೆ. ಆದರೆ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲೇ ಮಾಡಿಸಬೇಕು, ದಾಖಲಾಗುವ ಮೊದಲು ಅನುಮತಿ ಪಡೆಯಬೇಕು. ಮೊದಲು ಹಣ ಕಟ್ಟಿ ನಂತರ ಕಾರ್ಡ್ ತೋರಿಸಿದರೆ ಪ್ರಯೋಜನವಾಗದು. ರಾಜ್ಯ ಸರಕಾರದ ನೌಕರರು ಮತ್ತು ಪಿಂಚಣಿದಾರರಿಗೆ 2022ರ ಜುಲೈಯಲ್ಲಿ ಆರಂಭವಾದ ಮೆಡಿಸೆಪ್ ವಿಮೆ ಇದೆ. ಕೀಲು ಬದಲಾವಣೆಯ ಷರತ್ತನ್ನು ಅವರು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಖಾಸಗಿ ವಿಮೆಯಲ್ಲಿ ಅಪಘಾತದಿಂದಲ್ಲದ ಕೀಲು ಬದಲಾವಣೆಗೆ ಸಾಮಾನ್ಯವಾಗಿ ಕಾಯುವ ಅವಧಿ ಇರುತ್ತದೆ. 2024ರ ನಿಯಮದಂತೆ ಇದು 36 ತಿಂಗಳು ಮೀರುವಂತಿಲ್ಲ. ಪಾಲಿಸಿ ಮಾಡಿಸುವಾಗ ಹಳೆಯ ಮೊಣಗಂಟು ನೋವನ್ನು ಮುಚ್ಚಿಟ್ಟರೆ ಕ್ಲೇಮ್ ತಿರಸ್ಕೃತವಾಗಬಹುದು.

ಸ್ವಂತ ಖರ್ಚಿನಲ್ಲಿ ಮಾಡಿಸುವವರು ಕೃತಕ ಕೀಲಿನ ಬೆಲೆಗೆ ಮಿತಿ ಇದೆ ಎಂಬುದನ್ನು ತಿಳಿದಿರಬೇಕು. 2017ರ ಆಗಸ್ಟ್ 16ರಂದು ಅಂದಿನ ಕೇಂದ್ರ ಸಚಿವ ಅನಂತ ಕುಮಾರ್ ಇದನ್ನು ಪ್ರಕಟಿಸಿದ್ದರು. ಅದುವರೆಗೆ ಒಂದೂವರೆ ಲಕ್ಷ ರೂಪಾಯಿಗೂ ಹೆಚ್ಚಿದ್ದ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಅಂದು ಜಿ.ಎಸ್.ಟಿ. ಬಿಟ್ಟು 54,720 ರೂಪಾಯಿ ಮಿತಿ ಹಾಕಲಾಯಿತು. ನಂತರದ ವರ್ಷಗಳಲ್ಲಿ ಮಿತಿಯನ್ನು ಪರಿಷ್ಕರಿಸುತ್ತಾ ಬರಲಾಗಿದೆ. ಈ ಮಿತಿ ಕೀಲಿನ ಬೆಲೆಗೆ ಮಾತ್ರ, ಆಸ್ಪತ್ರೆಯ ಇತರ ಶುಲ್ಕಗಳಿಗಲ್ಲ. ಬಿಲ್ಲಿನಲ್ಲಿ ಕೀಲಿನ ಬೆಲೆ, ಕಂಪೆನಿಯ ಹೆಸರು, ಬ್ಯಾಚ್ ನಂಬರ್ ಪ್ರತ್ಯೇಕವಾಗಿ ಬರೆದಿರುವಂತೆ ನೋಡಿಕೊಳ್ಳಬೇಕು. ಮುಂದೆ ಮರುಶಸ್ತ್ರಚಿಕಿತ್ಸೆ ಬೇಕಾದರೂ ಈ ಚೀಟಿ ಅಗತ್ಯ.

ಅಪಘಾತದಿಂದ ಕೆಟ್ಟ ಮೊಣಗಂಟು

ವಾಹನ ಅಪಘಾತವಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ, ಕೆಲಸದ ಸ್ಥಳದಲ್ಲಿ ಆದ ಗಾಯಕ್ಕೆ ಇ.ಎಸ್.ಐ. ಅಥವಾ ನೌಕರರ ಪರಿಹಾರದ ಕಾನೂನಿನಲ್ಲಿ ಪ್ರತ್ಯೇಕ ಹಕ್ಕು ಇದೆ. ಇಲ್ಲಿ ಶೇಕಡಾ 40ರ ಮಿತಿ ಇಲ್ಲ. ಅಂಗವಿಕಲತೆಯ ಶೇಕಡಾವಾರು ಮತ್ತು ದುಡಿಮೆಯ ನಷ್ಟ ಎರಡೂ ಒಂದೇ ಅಲ್ಲ ಎಂದು ಸುಪ್ರೀಂ ಕೋರ್ಟ್ ರಾಜ್‌ಕುಮಾರ್ ಮತ್ತು ಅಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ 2010ರಲ್ಲಿ ತೀರ್ಪು ನೀಡಿದೆ. ಅಡಿಕೆ ಮರ ಏರುವವರಿಗೆ ಮೊಣಗಂಟು ಸ್ವಲ್ಪ ಬಿಗಿದರೂ ಜೀವನೋಪಾಯವೇ ಹೋಗಬಹುದು, ಕುಳಿತು ಲೆಕ್ಕ ಬರೆಯುವವರಿಗೆ ಅಷ್ಟು ನಷ್ಟವಾಗದು. ಆದುದರಿಂದ ಯಾವ ಕೆಲಸ ಮಾಡುತ್ತಿದ್ದರು ಎಂಬುದಕ್ಕೆ ದಾಖಲೆ ಇಟ್ಟುಕೊಳ್ಳಬೇಕು. ಬೀಡಿ, ಕಟ್ಟಡ, ಕೃಷಿ ಕಾರ್ಮಿಕರು ತಮ್ಮ ಕ್ಷೇಮನಿಧಿ ಮಂಡಳಿಯಲ್ಲೂ ವಿಚಾರಿಸಬೇಕು.

ಮಂಗಳೂರಿನಲ್ಲಿ ಚಿಕಿತ್ಸೆ ಪಡೆದವರು

ಕಾಸರಗೋಡಿನ ಅನೇಕರು ಮೊಣಗಂಟು ಶಸ್ತ್ರಚಿಕಿತ್ಸೆಗೆ ಮಂಗಳೂರಿಗೇ ಹೋಗುತ್ತಾರೆ. ಅಲ್ಲಿನ ಆಸ್ಪತ್ರೆಯ ದಾಖಲೆಗಳನ್ನು ಇಲ್ಲಿನ ಬೋರ್ಡಿನ ಮುಂದಿಡಬಹುದು. ಆದರೆ ಖಾಸಗಿ ಆಸ್ಪತ್ರೆಯ ವೈದ್ಯರು ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ಶೇಕಡಾವಾರಿಗೆ ಅಂಗವಿಕಲತೆ ಪ್ರಮಾಣಪತ್ರದ ಬೆಲೆ ಇಲ್ಲ. ವಾಸವಿರುವ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರದಲ್ಲಿ ಅಥವಾ ಚಿಕಿತ್ಸೆ ಪಡೆದ ಸರಕಾರಿ ಆಸ್ಪತ್ರೆಯ ಪ್ರಾಧಿಕಾರದಲ್ಲಿ ಅರ್ಜಿ ಹಾಕಬಹುದು ಎಂದು 2017ರ ನಿಯಮಗಳು ಹೇಳಿವೆ.

ಸರಿಯಾಗಿ ಪಡೆದ ಪ್ರಮಾಣಪತ್ರ ದೇಶಾದ್ಯಂತ ಮಾನ್ಯ. ಆದರೆ ಪಿಂಚಣಿ ರಾಜ್ಯದ್ದು. ಕೇರಳದಲ್ಲಿ ವಾಸವಿರುವವರಿಗೆ ಕೇರಳದ ಪಿಂಚಣಿ, ಕರ್ನಾಟಕದಲ್ಲಿ ವಾಸವಿರುವವರಿಗೆ ಅಲ್ಲಿನ ಮಾಸಾಶನ. ಮದುವೆಯಾಗಿ ಅಥವಾ ಮಕ್ಕಳ ಜತೆ ಇರಲು ಗಡಿಯಾಚೆ ಹೋದವರು ಹೊಸ ವಿಳಾಸದ ದಾಖಲೆ ಮಾಡಿಸಿ ಅಲ್ಲೇ ಅರ್ಜಿ ಹಾಕಬೇಕು. ಎರಡೂ ಕಡೆ ಪಡೆಯುವುದು ಅಪರಾಧ. ಕೇರಳದ ಆರೋಗ್ಯ ಕಾರ್ಡ್ ಮಂಗಳೂರಿನ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂಬುದನ್ನು ದಾಖಲಾಗುವ ಮೊದಲೇ ಆ ಆಸ್ಪತ್ರೆಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ಅರ್ಜಿ ತಿರಸ್ಕೃತವಾದರೆ

ಅರ್ಹತೆ ಇಲ್ಲವೆಂದು ತೀರ್ಮಾನಿಸಿದರೆ ಅದರ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಬಾಯಿಮಾತಿನಲ್ಲಿ ಆಗುವುದಿಲ್ಲ ಎಂದರೆ ಬರೆದು ಕೊಡುವಂತೆ ಕೇಳುವ ಹಕ್ಕು ಅರ್ಜಿದಾರರಿಗೆ ಇದೆ. ಕಾಯ್ದೆಯ 59ನೇ ಕಲಂ ಪ್ರಕಾರ ರಾಜ್ಯ ಸರಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಇದಕ್ಕೆ ಅವಧಿ ನಿಗದಿ ಇರುವುದರಿಂದ ತಡಮಾಡಬಾರದು. ಶೇಕಡಾವಾರು ಕಡಿಮೆ ಬಂತೆಂದು ಮೇಲ್ಮನವಿ ಹಾಕುವಾಗ, ಲೆಕ್ಕದಲ್ಲಿ ಏನು ಬಿಟ್ಟುಹೋಗಿದೆ ಎಂದು ತೋರಿಸುವ ದಾಖಲೆ ಇರಬೇಕು. ಇನ್ನೊಂದು ಕಾಲನ್ನು ಪರೀಕ್ಷಿಸಿಲ್ಲ, ಮರುಶಸ್ತ್ರಚಿಕಿತ್ಸೆಯ ದಾಖಲೆ ನೋಡಿಲ್ಲ ಎಂಬಂತಹ ಕಾರಣಗಳಿಗೆ ತೂಕವಿದೆ. ಮುಂದೆ ಸ್ಥಿತಿ ಹದಗೆಟ್ಟರೆ ಹೊಸ ದಾಖಲೆಗಳೊಂದಿಗೆ ಮರುಪರೀಕ್ಷೆ ಕೇಳಬಹುದು.

ಹಕ್ಕು ನಿರಾಕರಣೆಯಾದರೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ನೀಡಬಹುದು. ಮಾಹಿತಿಗೆ ಜಿಲ್ಲಾ ಸಾಮಾಜಿಕ ನ್ಯಾಯ ಕಚೇರಿಯನ್ನೂ, ಉಚಿತ ಕಾನೂನು ನೆರವಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೂ ಸಂಪರ್ಕಿಸಬಹುದು. ವಿಕಲಚೇತನರಿಗೆ ಉಚಿತ ಕಾನೂನು ನೆರವು ಕಾನೂನಿನಲ್ಲೇ ಇರುವ ಹಕ್ಕು.

ಒಟ್ಟಿನಲ್ಲಿ ಶಸ್ತ್ರಚಿಕಿತ್ಸೆ ಬೇಕಾದವರು ಮೊದಲು ಆರೋಗ್ಯ ಯೋಜನೆಯ ದಾರಿ ಹಿಡಿಯಬೇಕು. ಚಿಕಿತ್ಸೆ ಮುಗಿದ ಮೇಲೂ ಕೊರತೆ ಉಳಿದವರು ಎಲ್ಲ ದಾಖಲೆಗಳೊಂದಿಗೆ ಬೋರ್ಡಿಗೆ ಹೋಗಬೇಕು. 60 ದಾಟಿದವರು ವೃದ್ಧಾಪ್ಯ ಪಿಂಚಣಿಯನ್ನು ಮೊದಲು ನೋಡಬೇಕು. ಮೊತ್ತಗಳು ಮತ್ತು ಷರತ್ತುಗಳು ಸರಕಾರದ ಆದೇಶದಂತೆ ಬದಲಾಗುವುದರಿಂದ ಅರ್ಜಿ ಹಾಕುವ ದಿನ ಪಂಚಾಯತ್ ಕಚೇರಿಯಲ್ಲಿ ಒಮ್ಮೆ ಕೇಳಿ ತಿಳಿದುಕೊಳ್ಳುವುದು ಉತ್ತಮ.